ಕೊಳಕ್ಕೆ ಬಿಟ್ಟ ಮೀನು

ಮನೆಯಲ್ಲಿ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದರು. ಏಳನೇ ಕ್ಲಾಸಿನ ಹುಡುಗಿ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಹಲ್ಲಿನ ಡಾಕ್ಟರಾಗಿದ್ದ ಅವಳಪ್ಪ ಬಂದವರ ಎದುರಿಗೆಲ್ಲ ಅದನ್ನೇ ಹೇಳಿ ನಗುತ್ತಿದ್ದ. "ನಮ್ಮನೇಲಿ ಒಲೆ ಹಚ್ಚೋಕೆ ಬೆಂಕಿಪೊಟ್ಟಣ ಬೇಡ ರೀ, ಇವಳನ್ನ ಪಕ್ಕದಲ್ಲಿ ನಿಲ್ಲಿಸಿದ್ರೆ ಸಾಕು."

ಆದರೆ ಆ ಸೋಮವಾರ ಪಾರ್ಕಿನ ಕೊಳದ ದಡದಲ್ಲಿ ಅವಳಿಗೆ ಬಂದ ಸಿಟ್ಟು ನಗುವಂಥದ್ದಾಗಿರಲಿಲ್ಲ.

ಕೊಳ ಇದ್ದದ್ದು ಪಾರ್ಕಿನ ಹಿಂದಿನ ಮೂಲೆಯಲ್ಲಿ, ಜಾರುಬಂಡೆಯ ಆಚೆ. ಹೋದ ವರ್ಷದವರೆಗೆ ಅದನ್ನು ಕೊಳ ಅನ್ನುವ ಹಾಗೇ ಇರಲಿಲ್ಲ. ಮೇಲೆಲ್ಲ ಅಂತರಗಂಗೆ ಹಬ್ಬಿತ್ತು. ಕೆಳಗೆ ಬಾಟಲಿ, ಒಂಟಿ ಚಪ್ಪಲಿ, ಕಾಲು ಮುರಿದ ಕುರ್ಚಿ. ವಿಜ್ಞಾನದ ಮಿಸ್ ಒಂದು ದಿನ ಇಡೀ ಕ್ಲಾಸನ್ನು ಕರೆತಂದು ಮೂಗು ಮುಚ್ಚಿಕೊಂಡು ನಿಂತ ಮಕ್ಕಳಿಗೆ, "ಇಲ್ಲಿ ಮೊದಲು ಕಪ್ಪೆ ಇದ್ದವಂತೆ. ವಾಪಸ್ ಕರೆಸೋಣ್ವಾ?" ಎಂದಿದ್ದರು. ಅಲ್ಲಿಂದ ಪ್ರತಿ ಶನಿವಾರವೂ ಅದೇ ಕೆಲಸ. ಬೇರು ಎಳೆದರು, ಬುಟ್ಟಿಗಟ್ಟಲೆ ಕಸ ಹೊತ್ತರು, ದಡದ ಉದ್ದಕ್ಕೂ ಜೊಂಡು ನೆಟ್ಟರು. ಸಿಡುಕಿಯ ಅಂಗೈ ಬೊಬ್ಬೆ ಒಡೆದು ಮತ್ತೆ ಬೊಬ್ಬೆ ಎದ್ದಿತ್ತು. ಮಳೆ ಶುರುವಾದ ಮೇಲೆ ಜೊಂಡಿನ ಬುಡದಲ್ಲಿ ಲೋಳೆಯಂಥ ಮೊಟ್ಟೆ ಕಂಡವು. ಆಮೇಲೆ ಗೊದಮೊಟ್ಟೆಗಳು, ಕರಿ ಬಾಲ ಆಡಿಸುತ್ತ ಲೆಕ್ಕವಿಲ್ಲದಷ್ಟು. ದಿನಾ ಶಾಲೆ ಬಿಟ್ಟ ಮೇಲೆ ಅವಳು ಅಲ್ಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

ಆ ಸೋಮವಾರ ನೋಡಿದರೆ ಒಂದೂ ಇಲ್ಲ. ನೀರಿನಲ್ಲಿ ಕಿತ್ತಳೆ ಬಣ್ಣದ ಮೀನುಗಳು ದಡದ ಬುಡವನ್ನು ಮೂತಿಯಿಂದ ಕೆದಕುತ್ತ, ಹೊಟ್ಟೆ ತುಂಬಿದವರ ಹಾಗೆ ಆರಾಮಾಗಿ ತಿರುಗಾಡುತ್ತಿದ್ದವು.

ಅವಳ ಕಿವಿ ಬಿಸಿಯಾಯಿತು. ಹಿಂದೆ ಬಂದ ಗೆಳತಿಯರ ನಡುವೆ ಗುಳ್ಳೆ ನಿಂತಿದ್ದಳು. ಗುಳ್ಳೆಯ ಅಪ್ಪನದು ಗಾಜಿನ ತೊಟ್ಟಿ, ಬಣ್ಣದ ಮೀನು ಮಾರುವ ಅಂಗಡಿ. ತೊಟ್ಟಿಯ ನೀರಿನಲ್ಲಿ ಏಳುವ ಗುಳ್ಳೆಯಿಂದ ಬಂದದ್ದು ಆ ಅಡ್ಡಹೆಸರು.

"ನೀನೇ ತಾನೇ ಬಿಟ್ಟಿದ್ದು?"

"ನಾನ್ಯಾಕೆ ಬಿಡ್ಲಿ?" ಎಂದಳು ಗುಳ್ಳೆ.

"ಇನ್ಯಾರ ಮನೇಲಿದೆ ಇಷ್ಟು ಮೀನು? ಮಾರಾಟ ಆಗದೆ ಉಳಿದಿದ್ದನ್ನ ಇಲ್ಲಿ ತಂದು ಸುರಿದಿದ್ದೀಯ. ನಾವು ವರ್ಷವೆಲ್ಲ ಕೆಸರು ಹೊತ್ತಿದ್ದು ನಿಮ್ಮಂಗಡಿ ಕಸ ಹಾಕೋಕಾ? ಕಳ್ಳಿ!"

"ಕಣ್ಣಾರೆ ನೋಡದೆ ಹಾಗೆಲ್ಲ ಹೇಳಬಾರದು," ಎಂದು ಅಂದು ಮಕ್ಕಳ ಜೊತೆಗೇ ಬಂದಿದ್ದ ಮಿಸ್ ಜಾರುಬಂಡೆಯ ಕಡೆಯಿಂದ ಓಡಿಬಂದರು. ಅಷ್ಟರಲ್ಲಿ ಹೇಳಬೇಕಾದದ್ದೆಲ್ಲ ಹೇಳಿ ಮುಗಿದಿತ್ತು, ಬೇಡವಾದದ್ದೂ. ಗುಳ್ಳೆ ಅಳಲಿಲ್ಲ. ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದಳು. ಮರುದಿನದಿಂದ ಕ್ಲಾಸಿನಲ್ಲಿ ಅವಳ ಬೆಂಚಿಗೆ ಯಾರೂ ಹೋಗಿ ಕೂರಲಿಲ್ಲ.

ಆ ವಾರ ಮಿಸ್ ಹಳೇ ಸೊಳ್ಳೆಪರದೆ ತಂದು ಮೀನು ಹಿಡಿಯುವ ಕೆಲಸ ಹಚ್ಚಿದರು. ಮೊಣಕಾಲುದ್ದ ನೀರಿನಲ್ಲಿ ಪರದೆಯ ಒಂದು ತುದಿ ಹಿಡಿದಿದ್ದವಳು ಸಿಡುಕಿಯೇ. ಮೊದಲ ಸಲ ಎತ್ತಿದಾಗ ಬಂದ ಮೀನನ್ನು ನೋಡಿ ಅವಳ ಕೈ ನಿಂತುಹೋಯಿತು. ಮೈಯೆಲ್ಲ ಕಿತ್ತಳೆ, ತಲೆಯ ಮೇಲೆ ಮಾತ್ರ ಮಸಿ ಬಳಿದಂಥ ಕಪ್ಪು. ಬಾಲದ ಅಂಚು ಸ್ವಲ್ಪ ಹರಿದಿದೆ.

ಕರಿಟೋಪಿ! ಆ ಹೆಸರಿಟ್ಟವಳೇ ಅವಳು. ಅಪ್ಪನ ಕ್ಲಿನಿಕ್ಕಿನ ತೊಟ್ಟಿಯ ಮೀನು. ಹೋದ ವಾರದ ಕೊನೆಯಲ್ಲಿ ರೋಗಿಗಳು ಕಾಯುವ ಕೋಣೆಗೆ ಹೊಸ ಬಣ್ಣ ಹೊಡೆಸಿದಾಗ ಅಪ್ಪ ತೊಟ್ಟಿ ತೆಗೆಸಿದ್ದ. ಮೀನೆಲ್ಲಿ ಎಂದು ಕೇಳಿದ್ದಕ್ಕೆ, "ಸ್ನೇಹಿತರೊಬ್ಬರು ಒಯ್ದರಮ್ಮ, ಅವರ ಹತ್ರ ಇನ್ನೂ ದೊಡ್ಡ ತೊಟ್ಟಿ ಇದೆ," ಎಂದಿದ್ದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದಳು ಅವಳು. ಎತ್ತು ತಮ್ಮ ಮನೆಯ ಕೊಟ್ಟಿಗೆಯಲ್ಲೇ ಇತ್ತು.

ಮೀನನ್ನು ಬಕೆಟ್ಟಿಗೆ ಹಾಕಿಕೊಂಡು ಯಾರಿಗೂ ಏನೂ ಹೇಳದೆ ನೇರ ಕ್ಲಿನಿಕ್ಕಿಗೆ ನಡೆದಳು. ಹೊಸ ಬಿಳಿ ನೆಲದ ಮೇಲೆ ಕೆಸರು ಹೆಜ್ಜೆ ಮೂಡಿದವು. ಒಳಗೆ ಕುರ್ಚಿಯಲ್ಲಿ ಅಜ್ಜಿಯೊಬ್ಬರು ಬಾಯಿ ತೆರೆದು ಮಲಗಿದ್ದರು. ಅಪ್ಪ ಅವರ ದವಡೆಯ ಮೇಲೆ ಬಗ್ಗಿದ್ದ.

"ಅಪ್ಪ, ಇದು ಯಾವ ಸ್ನೇಹಿತರ ಮನೆ ಮೀನು?"

ಅಪ್ಪ ಬಕೆಟ್ಟಿನೊಳಗೆ ಇಣುಕಿದ. ಮುಖಗವಸಿನ ಮೇಲಿನ ಕಣ್ಣು ಎರಡು ಸಲ ರೆಪ್ಪೆ ಬಡಿದವು. "ಹೊರಗೆ ಕೂತ್ಕೋ. ಆಮೇಲೆ ಮಾತಾಡೋಣ."

"ಕೊಳಕ್ಕೆ ಬಿಟ್ಟಿದ್ದು ನೀನೇ ಅಲ್ವಾ?"

"ಸಾಯಿಸೋದಕ್ಕಿಂತ ಒಳ್ಳೇದಲ್ವೇನೇ? ಅಷ್ಟು ಚೆನ್ನಾಗಿ ಕ್ಲೀನ್ ಮಾಡಿದ್ರಿ, ನೀರು ಖಾಲಿ ಕಾಣ್ತಿತ್ತು. ಬಣ್ಣದ ಮೀನಿದ್ರೆ ಚೆಂದ ಅಂತ..."

"ಖಾಲಿ ಇರ್ಲಿಲ್ಲ! ಎಷ್ಟು ಗೊದಮೊಟ್ಟೆ ಇದ್ವು! ಎಲ್ಲಾ ತಿಂದು ಹಾಕಿದಾವೆ!"

"ಮೆಲ್ಲಗೆ. ಜನ ಇದಾರೆ."

ಅಜ್ಜಿ ಬಾಯೊಳಗಿನ ಹತ್ತಿಯನ್ನು ತಾವೇ ತೆಗೆದು, "ಮೊದ್ಲು ಮೀನಿನ ಪಂಚಾಯ್ತಿ ಮುಗಿಸಿ ಡಾಕ್ಟ್ರೇ. ನನ್ನ ಹಲ್ಲು ಎಲ್ಲೂ ಓಡಿಹೋಗಲ್ಲ," ಎಂದರು.

ಅಪ್ಪನಿಗೆ ನಗು ಬರಲಿಲ್ಲ. ಅವಳಿಗಂತೂ ಮೊದಲೇ ಇಲ್ಲ.

"ಶನಿವಾರ ಬಂದು ನೀನೇ ಹಿಡಿಬೇಕು. ಬರದಿದ್ರೆ ಈ ಬಕೆಟ್ಟು ದಿನಾ ಇಲ್ಲೇ, ಎಲ್ಲರಿಗೂ ಕಾಣೋ ಹಾಗೆ ಇರುತ್ತೆ," ಎಂದು ಬಕೆಟ್ಟನ್ನು ಕೋಣೆಯ ನಟ್ಟನಡುವೆ ಇಟ್ಟು ಹೊರಬಂದಳು.

ಅಲ್ಲಿಂದ ಮೀನಂಗಡಿಗೆ. ಗುಳ್ಳೆ ತೊಟ್ಟಿಯ ಗಾಜು ಒರೆಸುತ್ತಿದ್ದಳು.

"ಬಿಟ್ಟಿದ್ದು ನಮ್ಮಪ್ಪ," ಎಂದಳು ಸಿಡುಕಿ. "ತಪ್ಪಾಯ್ತು ಕಣೇ. ಸಾರಿ."

ಗುಳ್ಳೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಕಳ್ಳಿ ಅಂದಿದ್ದು ಎಲ್ಲರ ಮುಂದೆ. ಸಾರಿ ಕೇಳೋದು ಮಾತ್ರ ಯಾರೂ ಇಲ್ಲದಾಗಾ?"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಸಿಡುಕಿಯ ಅಜ್ಜಿ ಸದಾ ಹೇಳುತ್ತಿದ್ದರು. ಈಗ ಕೊಯ್ದದ್ದು ತನ್ನ ಮೂಗಲ್ಲ, ಇನ್ನೊಬ್ಬಳದು.

ಶನಿವಾರ ಅಪ್ಪ ಬಂದ. ಪ್ಯಾಂಟು ಮಡಿಚಿಕೊಂಡು, ಮುಖ ಗಂಟು ಹಾಕಿಕೊಂಡು ನೀರಿಗಿಳಿದ. ಡಾಕ್ಟರು ಸಹಾಯಕ್ಕೆ ಬಂದಿದ್ದಾರೆಂದು ತಿಳಿದು ಮಕ್ಕಳು ಚಪ್ಪಾಳೆ ತಟ್ಟಿದರು. ಮಿಸ್ ಕೈ ಮುಗಿದು, "ತುಂಬಾ ಸಂತೋಷ ಸರ್," ಎಂದರು. ಅಪ್ಪ ಆ ಸಂತೋಷವನ್ನು ಸುಮ್ಮನೆ ಇಟ್ಟುಕೊಂಡ. ಸಿಡುಕಿಯ ಮೈಯುರಿದದ್ದು ಆಗಲೇ. ಗುಳ್ಳೆಯೂ ಬಂದಿದ್ದಳು. ನೀರಿನ ಹತ್ತಿರ ಬಾರದೆ, ಜಾರುಬಂಡೆಗೆ ಒರಗಿ ನಿಂತಿದ್ದಳು.

"ಮೀನು ಬಿಟ್ಟಿದ್ದು ಗುಳ್ಳೆ ಅಲ್ಲ," ಎಂದಳು ಸಿಡುಕಿ. "ನಮ್ಮಪ್ಪ. ನಾನು ಸುಮ್ಮಸುಮ್ಮನೆ ಅವಳನ್ನ ಕಳ್ಳಿ ಅಂದೆ."

ಹತ್ತಿರ ಇದ್ದವರೆಲ್ಲ ಡಾಕ್ಟರ ಕಡೆ ತಿರುಗಿ ನೋಡಿದರು.

"ಆ ಕಡೆಯವರಿಗೆ ಕೇಳಿಸ್ಲಿಲ್ಲ," ಎಂದಳು ಗುಳ್ಳೆ ಜಾರುಬಂಡೆಯ ಬಳಿಯಿಂದಲೇ.

ಸಿಡುಕಿ ಆಚೆ ದಡಕ್ಕೆ ತಿರುಗಿ, ಗಂಟಲು ಬಿರಿಯುವ ಹಾಗೆ ಇನ್ನೊಮ್ಮೆ ಕೂಗಿ ಹೇಳಿದಳು. ಅಪ್ಪನ ಕಿವಿ, ಕತ್ತು ಕೆಂಪಾದವು. ಮಿಸ್ ಪರದೆಯ ತುದಿಯನ್ನು ಡಾಕ್ಟರ ಕೈಗೇ ಕೊಟ್ಟರು. ಗುಳ್ಳೆ ಚಪ್ಪಲಿ ಬಿಟ್ಟು ನೀರಿಗಿಳಿದಳು. ಸಿಡುಕಿಯ ಪಕ್ಕಕ್ಕಲ್ಲ, ಇನ್ನೊಂದು ತುದಿಗೆ.

ಮಧ್ಯಾಹ್ನದ ಹೊತ್ತಿಗೆ ಮೀನೆಲ್ಲ ಗುಳ್ಳೆಯ ಅಂಗಡಿಯ ತೊಟ್ಟಿ ಸೇರಿದವು. ಗೊದಮೊಟ್ಟೆ ಒಂದೂ ಉಳಿದಿರಲಿಲ್ಲ. "ಮುಂದಿನ ಮಳೆಗೆ ಮತ್ತೆ ಮೊಟ್ಟೆ ಇಡ್ತಾವೆ," ಎಂದರು ಮಿಸ್. ಇಡಬಹುದು. ಆದರೆ ಈ ಸಲದವು ಹೋದವು.

ಮನೆಗೆ ಬರುವಾಗ ಅಪ್ಪ ಅರ್ಧ ದಾರಿಯವರೆಗೂ ಅವಳ ಕೈ ಹಿಡಿದು ಬಿರಬಿರನೆ ನಡೆದ. ಆಮೇಲೆ, "ಹೆತ್ತ ಅಪ್ಪನ ಮಾನ ಹರಾಜು ಹಾಕಿದೆಯಲ್ಲ," ಎಂದ.

"ಅವಳದ್ದೂ ಅಲ್ಲೇ ಹರಾಜು ಹಾಕಿದ್ದೆ."

"ನಾನು ಒಳ್ಳೇ ಮನಸ್ಸಿನಿಂದ ಮಾಡಿದ್ದು ಕಣೇ."

"ಮೀನು ಬಿಟ್ಟಿದ್ದು ಒಳ್ಳೇ ಮನಸ್ಸಿಂದ. ನನಗೆ ಸುಳ್ಳು ಹೇಳಿದ್ದು?"

ಅಪ್ಪ ಉತ್ತರ ಕೊಡುತ್ತಾನೇನೋ ಎಂದು ಅವಳು ರಸ್ತೆಯ ತಿರುವಿನವರೆಗೂ ಕಾದಳು. ಆಮೇಲೆ ಅವನ ಕೈಯಿಂದ ತನ್ನ ಬೆರಳು ಬಿಡಿಸಿಕೊಂಡು ಮುಂದೆ ಮುಂದೆ ನಡೆದಳು.