ನಾಲ್ಕನೇ ನಂಬರಿನ ಅಂಗಿ

ನಮ್ಮ ಕಡೆ ಯಾರದಾದರೂ ಕೈ ಮುರಿದರೆ ಊರೇ ನೋಡಲು ಬರುತ್ತದೆ. ಕಾಲಿಗೆ ಗಾಯವಾಗಿ ನಾಲ್ಕು ಹನಿ ರಕ್ತ ಸುರಿದರೆ ಅರಿಶಿನ ತರುವವರು, ನೀರು ತರುವವರು, ಗಾಡಿ ತೆಗೆಯುವವರು ಎಲ್ಲರೂ ಓಡುತ್ತಾರೆ. ಆದರೆ ತಲೆಗೆ ಪೆಟ್ಟು ಬಿದ್ದು ರಕ್ತ ಬರಲಿಲ್ಲವೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಏನೂ ಆಗಿಲ್ಲ, ಏಳು. ಸಂತಪುರದ ಸಿದ್ದೇಶ್ವರಿಗೂ ಅದನ್ನೇ ಹೇಳಿದರು. ಅವಳು ಎದ್ದಳು.

ಸಿದ್ದೇಶ್ವರಿಗೆ ಹದಿನಾರು ವರ್ಷ. ಮನೆಯವರಿಗೆ ಸಿದ್ದಿ. ಕಬಡ್ಡಿಯಲ್ಲಿ ಎದುರಿನವರ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಔರಾದ ತಾಲ್ಲೂಕಿನಲ್ಲೇ ಅವಳಿಗೆ ಸಾಟಿ ಇರಲಿಲ್ಲ. ಅವಳ ಅಕ್ಕ ಮಲ್ಲೇಶ್ವರಿ ಹೊಲಿಗೆಯವಳು. ಮಾತು ಕಡಿಮೆ, ನಾಲ್ಕು ಜನ ಕೂಡಿದರೆ ಬಾಗಿಲ ಮರೆಗೆ ಸರಿಯುವವಳು. ಊರಿನ ಕಬಡ್ಡಿ ಸಂಘದ ಅಂಗಿಗಳಿಗೆ ನಂಬರ್ ಹೊಲಿಯುವ ಕೆಲಸ ಅವಳದೇ. ಸಂಘದಲ್ಲಿದ್ದದ್ದು ಬಟ್ಟೆಯಲ್ಲಿ ಕತ್ತರಿಸಿದ ನಂಬರುಗಳ ಒಂದೇ ಸೆಟ್. ಹುಡುಗಿ ಬದಲಾದರೆ ಅವಳ ಅಳತೆಯ ಅಂಗಿಗೆ ನಂಬರನ್ನು ಬಿಚ್ಚಿ ಹಚ್ಚಬೇಕು.

ಹುಡುಗಿ ಬದಲಾಗುವುದಕ್ಕೆ ಅಲ್ಲೊಂದು ರಿವಾಜು ಇತ್ತು. ಕಲಿಸುವ ಏಕನಾಥ ಸರ್ ಹೇಳುತ್ತಿದ್ದರು, "ಕಣ ಬಿಟ್ಟಾಕಿ ನಂಬರ್ ಬಿಟ್ಟಳು." ಪೆಟ್ಟಾಯಿತೆಂದು ಯಾರಾದರೂ ಆಟದ ನಡುವೆ ಹೊರಗೆ ಬಂದು ಕುಳಿತರೆ ಅವಳ ನಂಬರು ಬೇರೆಯವಳಿಗೆ. ಮಲ್ಲೇಶ್ವರಿ ಹಾಗೆ ಮೂವರ ನಂಬರು ಬಿಚ್ಚಿದ್ದಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಕಡಿಯುವಾಗ ಆ ಹುಡುಗಿಯರು ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದುದೂ ಅವಳಿಗೆ ಗೊತ್ತಿತ್ತು. ಆಮೇಲಿನಿಂದ ಹುಡುಗಿಯರು ಊದಿದ ಪಾದವನ್ನು ಕಾಲುಚೀಲದೊಳಗೆ ಬಿಗಿದು ಕಟ್ಟಿಕೊಂಡು ಆಡುವುದನ್ನೂ ಅವಳು ಕಂಡಿದ್ದಳು. ಕಂಡು ಸುಮ್ಮನಿದ್ದಳು.

ಏಕನಾಥ ಸರ್ ಕೆಟ್ಟ ಮನುಷ್ಯರಲ್ಲ. ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಆಡುತ್ತಾರೆಂದು ನಕ್ಕವರ ಬಾಯಿ ಮುಚ್ಚಿಸಿದವರು ಅವರೇ. ಇದನ್ನೂ ಹೇಳಲೇಬೇಕು.

ಅದು ಗುರುವಾರದ ಸಂಜೆ. ಬರುವ ಐತವಾರ ಭಾಲ್ಕಿಯಲ್ಲಿ ಪಂದ್ಯ. ಬೀದರದ ಕ್ರೀಡಾ ವಸತಿನಿಲಯಕ್ಕೆ ಹುಡುಗಿಯರನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು. ಮಲ್ಲೇಶ್ವರಿ ಒಗೆದು ಇಸ್ತ್ರಿ ಮಾಡಿದ ಅಂಗಿಗಳನ್ನು ಕೊಡಲು ಮೈದಾನಕ್ಕೆ ಹೋಗಿದ್ದಳು. ಅವಳ ಕಣ್ಣೆದುರಿಗೇ ಸಿದ್ದಿಯ ಕಾಲು ಹಿಡಿದರು, ಅವಳು ಮುಗ್ಗರಿಸಿದಳು, ಮತ್ತೊಬ್ಬಳ ಮೊಣಕಾಲು ಅವಳ ಕಪಾಳದ ಮೇಲ್ಗಡೆ ಬಡಿಯಿತು. ಸಿದ್ದಿ ಮಣ್ಣಿನಲ್ಲಿ ಮಲಗಿಬಿಟ್ಟಳು.

"ರಕ್ತ ಬಂದದೇನು?" ಎಂದರು ಏಕನಾಥ ಸರ್. "ಇಲ್ಲಲ್ಲ! ಏಳವ್ವ ನನ್ ಹುಲಿ, ಏಳು!"

ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಯಾರೋ ನೆತ್ತಿಗೆ ನೀರು ಸುರಿದರು. ಸಿದ್ದಿ ಎದ್ದು ನಕ್ಕಳು. ನಕ್ಕು ನೇರ ಹೋಗಿ ಎದುರು ಪಕ್ಷದವರ ಸಾಲಿನಲ್ಲಿ ನಿಂತಳು.

"ಏ ಸಿದ್ದಿ, ಪಾರ್ಟಿ ಬದಲಿ ಮಾಡಿದೇನ? ಎಲೆಕ್ಷನ್ ಬಂದದೇನು?" ಎಂದಳೊಬ್ಬಳು. ಮೈದಾನವೆಲ್ಲ ನಕ್ಕಿತು. ಮಲ್ಲೇಶ್ವರಿ ಒಬ್ಬಳು ನಗಲಿಲ್ಲ.

ಮರುದಿನ ಸಿದ್ದಿ ಬೇಳೆಗೆ ಎರಡು ಸಲ ಉಪ್ಪು ಹಾಕಿದಳು. "ಅಕ್ಕಾ, ಭಾಲ್ಕಿ ಬಸ್ ಎಷ್ಟಕ್ಕದ?" ಎಂದು ಕೇಳಿದಳು. ಮಲ್ಲೇಶ್ವರಿ ಹೇಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ರೊಟ್ಟಿ ತಿನ್ನುವಾಗ ಮೂರನೇ ಸಲ ಕೇಳಿದಳು. ಮಧ್ಯಾಹ್ನ ಬೆಳಕು ಚುಚ್ಚುತ್ತದೆಂದು ಕಿಟಕಿ ಮುಚ್ಚಿ ಮೂಲೆಯಲ್ಲಿ ಕುಳಿತಳು.

"ಸಿದ್ದಿ, ಸರ್‌ಗಿ ಹೇಳೋಣು," ಎಂದಳು ಮಲ್ಲೇಶ್ವರಿ.

ಸಿದ್ದಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಅಕ್ಕಾ, ನಿನ್ನ ಕಾಲಿಗಿ ಬೀಳ್ತೇನಿ. ಹೇಳಿದಿ ಅಂದ್ರ ನನ್ ನಾಲ್ಕು ನಂಬರ್ ಹೋಗ್ತದ. ಹಾಸ್ಟೆಲ್ ಹೋಗ್ತದ. ನಿನ್ ಕೈಲೇ ಬಿಚ್ತೀಯೇನು ನಂಬರು?"

ಮಲ್ಲೇಶ್ವರಿ ಕೈ ಬಿಡಿಸಿಕೊಂಡು ಹೊಲಿಗೆ ಮಷಿನ್ನಿಗೆ ದಾರ ಪೋಣಿಸಲು ಕುಳಿತಳು.

ಶನಿವಾರ ಆಶಾ ಕಾರ್ಯಕರ್ತೆ ಕೌಸಲ್ಯಾಬಾಯಿ ಸರ್ವೆಗೆಂದು ಮನೆಗೆ ಬಂದರು. ಕತ್ತಲ ಮೂಲೆಯಲ್ಲಿ ಕುಳಿತವಳನ್ನು ಕಂಡು, "ಇದ್ಯಾಕ ಹಿಂಗ ಕುಂತದ ಹುಡುಗಿ?" ಎಂದರು.

ತಾಯಿ ಸಖುಬಾಯಿ ಜೋಳ ಹಸನು ಮಾಡುತ್ತ ಹೇಳಿದಳು, "ಬಿಸಲಾಗ ತಿರಗ್ತದ್ರಿ ಅದು. ಮ್ಯಾಲ ದೃಷ್ಟಿ ಬ್ಯಾರೆ ಆಗ್ಯದ. ಸಂಜಿಗಿ ಉಪ್ಪು ಮೆಣಸಿನಕಾಯಿ ಇಳಿಸ್ತೇನಿ, ಬರೋಬ್ಬರಿ ಆಗ್ತದ."

ಕೌಸಲ್ಯಾಬಾಯಿ ಮಲ್ಲೇಶ್ವರಿಯ ಕಡೆ ತಿರುಗಿದರು. "ಎಲ್ಯಾರ ಬಿದ್ದಾಳೇನವ್ವ?"

ಮಲ್ಲೇಶ್ವರಿಯ ಹಲ್ಲಿನಲ್ಲಿ ದಾರವಿತ್ತು. ಅದನ್ನು ಕಡಿದು ಹೇಳಿದಳು, "ಇಲ್ರಿ."

ಅಷ್ಟೇ. ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ಆಡಿದ ಮಾತನ್ನು ಬಿಚ್ಚಲು ಯಾವ ಕತ್ತರಿಯೂ ಇಲ್ಲ.

ಐತವಾರ ಭಾಲ್ಕಿಯಲ್ಲಿ ಸಿದ್ದಿ ಆಟದ ಮೊದಲ ಅರ್ಧದಲ್ಲೇ ಮೂರು ಅಂಕ ತಂದಳು. ಹಾಸ್ಟೆಲ್‌ನವರು ಅವಳ ಹೆಸರು ಬರೆದುಕೊಂಡರು ಎಂದು ಯಾರೋ ಓಡಿಬಂದು ಹೇಳಿದರು. ಎದುರಿನವರ ಅಂಗಳಕ್ಕೆ ನಾಲ್ಕನೆಯ ಸಲ ನುಗ್ಗಿದಾಗ ಒಬ್ಬಳ ಭುಜ ಅವಳ ತಲೆಗೆ ತಾಕಿತು. ದೊಡ್ಡ ಪೆಟ್ಟಲ್ಲ. ಬಸ್ಸಿನ ನೂಕುನುಗ್ಗಲಿನಲ್ಲೂ ಅದಕ್ಕಿಂತ ಹೆಚ್ಚು ತಾಕುತ್ತದೆ. ಆದರೆ ಸಿದ್ದಿ ಎರಡು ಹೆಜ್ಜೆ ಇಟ್ಟು, ವಾಂತಿ ಮಾಡಿಕೊಂಡು ಕುಸಿದಳು. ಕೈಕಾಲು ಸೆಟೆದವು. ಈ ಸಲ ಏಳು ಎಂದರೂ ಏಳಲಿಲ್ಲ.

ಬೀದರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಕೇಳಿದರು, "ಇಷ್ಟು ಸಣ್ಣ ಪೆಟ್ಟಿಗಿ ಹಿಂಗಾಗೂದಿಲ್ಲ. ಇದರ ಮುಂಚೆ ಯಾವಾಗ ಬಿದ್ದಿತ್ತು ತಲಿಗಿ?"

ಏಕನಾಥ ಸರ್ ನೆಲ ನೋಡಿದರು. ಸಖುಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಗೋಡೆಗೆ ಅಂಟಿ ನಿಂತಿದ್ದ ಮಲ್ಲೇಶ್ವರಿ ಹೇಳಿದಳು, "ಗುರುವಾರ್ರಿ."

"ಮೂರು ದಿನದ ಹಿಂದ! ಯಾರಿಗೂ ತೋರ್ಸಿಲ್ಲೇನು? ತಲಿನೋವು, ಮರವು, ಬೆಳಕು ಚುಚ್ಚೂದು ಏನೂ ಇರಲಿಲ್ಲೇನು?"

"ಎಲ್ಲಾ ಇತ್ರಿ," ಎಂದಳು ಮಲ್ಲೇಶ್ವರಿ. "ನಾ ನೋಡ್ದೆ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಇವತ್ತಿಗೂ ಅನ್ನಿಸುತ್ತದೆ.

ಸಿದ್ದಿ ಉಳಿದಳು. ನಡೆಯುತ್ತಾಳೆ, ಉಣ್ಣುತ್ತಾಳೆ. ಆದರೆ ಬಲಗೈಯಲ್ಲಿ ನೀರಿನ ಲೋಟ ಹಿಡಿದರೆ ತುಳುಕುತ್ತದೆ. ಮಾತು ಶುರು ಮಾಡಿ ನಡುವೆ ಶಬ್ದ ಸಿಗದೆ ನಿಲ್ಲುತ್ತಾಳೆ. ಸಿಕ್ಕಾಗ ನಾಚಿಕೊಂಡು ನಗುತ್ತಾಳೆ. ಇನ್ನು ಕಬಡ್ಡಿ ಇಲ್ಲವೆಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ.

ಊರಿನಲ್ಲಿ ಎರಡು ಪಕ್ಷಗಳಾದವು. ಮೊಬೈಲಿನಲ್ಲಿ ಒಬ್ಬರು ಸಂಘಕ್ಕೆ ಬೈದರೆ, ಇನ್ನೊಬ್ಬರು ಮನೆಯವರಿಗೆ ಬೈದರು. "ತಲಿನೋವು, ಮರವು ಅದ ಅಂತ ನನಗ ಯಾರೂ ಹೇಳಿಲ್ರಿ," ಎಂದು ಏಕನಾಥ ಸರ್ ಕಂಡವರಿಗೆಲ್ಲ ಹೇಳುತ್ತ ತಿರುಗಿದರು. ತಾಯಂದಿರು ಹುಡುಗಿಯರನ್ನು ಮನೆಯಲ್ಲಿ ಕೂರಿಸಿದರು. ಹನ್ನೆರಡು ಮಂದಿಯಲ್ಲಿ ಉಳಿದವರು ಐವರು. ಹೀಗಿರುವಾಗ ಒಂದು ದಿನ ನಾಲ್ಕನೇ ನಂಬರಿನ ಅಂಗಿ ಮಲ್ಲೇಶ್ವರಿಯ ಮಷಿನ್ ಮೇಲೆ ಬಂದು ಬಿತ್ತು. ಜೊತೆಗೆ ಏಕನಾಥ ಸರ್ ಹೇಳಿಕಳಿಸಿದ ಮಾತು: ನಂಬರು ಬಿಚ್ಚಿ ಸಂಘದ ಇನ್ನೊಬ್ಬ ಹುಡುಗಿ ಬಸವೇಶ್ವರಿಯ ಅಂಗಿಗೆ ಹಚ್ಚಬೇಕು.

ಮಲ್ಲೇಶ್ವರಿ ಕತ್ತರಿ ತೆಗೆದುಕೊಂಡಳು. ಕೆಳಗಿಟ್ಟಳು.

ಆ ಶುಕ್ರವಾರ ಮಹಿಳಾ ಸಂಘದ ಸಭೆಗೆ ಕೌಸಲ್ಯಾಬಾಯಿ ಏಕನಾಥ ಸರ್ ಅವರನ್ನೂ ಕರೆಸಿದರು. ಬಸವೇಶ್ವರಿಯ ತಾಯಿಯೇ ಮೊದಲು ಬಾಯಿ ತೆಗೆದಳು. "ಆಟಾನೂ ಬ್ಯಾಡ, ಕಾಟಾನೂ ಬ್ಯಾಡ್ರಿ. ನನ್ ಮಗಳು ಮನ್ಯಾಗ ಇರ್ಲಿ."

"ಮನ್ಯಾಗ ಇದ್ರ ಬೀಳೂದಿಲ್ಲೇನವ್ವ?" ಎಂದರು ಕೌಸಲ್ಯಾಬಾಯಿ. "ಮಾಳಗಿ ಮೆಟ್ಟಲ ಮ್ಯಾಲಿಂದ ಬೀಳ್ತಾರ, ಗಾಡಿ ಮ್ಯಾಲಿಂದ ಬೀಳ್ತಾರ. ಬಿದ್ದ ಮ್ಯಾಲ ಏನ್ ಮಾಡ್ಬೇಕು, ಅದು ಕಲೀರಿ."

"ಅಕ್ಕೋರೆ, ಆಟ ಅಂದ್ರ ಪೆಟ್ಟು ಬೀಳ್ತದ," ಎಂದರು ಏಕನಾಥ ಸರ್. "ತಲಿಗಿ ತಾಕಿತು ಅಂತ ಎಲ್ಲರಿಗೂ ಕುಂದ್ರಿಸಿದ್ರ ನಾ ಯಾರಿಗಿ ಕರ್ಕೊಂಡ್ ಹೋಗ್ಲಿ? ಕುರಿ ಹಿಂಡು ಕರ್ಕೊಂಡ್ ಹೋಗ್ಲೇನು?"

"ಕುರಿ ಕಾಯೋರು ನಿಮಗಿಂತ ಶ್ಯಾಣ್ಯಾ ಇದ್ದಾರ್ರಿ ಸರ್. ಕುಂಟೋ ಕುರಿಗಿ ಆವತ್ತು ಓಡ್ಸೂದಿಲ್ಲ."

ಹೆಂಗಸರು ನಕ್ಕರು. ಕೌಸಲ್ಯಾಬಾಯಿ ನಗಲಿಲ್ಲ. "ಗಡಗಿಯೊಳಗ ಮೊಸರು ಇರ್ತದ ನೋಡ್ರಿ. ಗಡಗಿಗಿ ಧಕ್ಕಿ ಹೊಡೆದ್ರ ಗಡಗಿ ಒಡಿಯಂಗಿಲ್ಲ, ಹೊರಗ ಏನೂ ಕಾಣಂಗಿಲ್ಲ. ಒಳಗ ಮೊಸರು ಕದಡಿರ್ತದ. ತಲಿನೂ ಹಂಗೇ. ಕದಡಿದ್ದು ತಿರುಗಿ ಕೂಡೂತನಾ ಇನ್ನೊಂದು ಧಕ್ಕಿ ಬೀಳಬಾರದು. ಸ್ಕ್ಯಾನಿಂಗ್ ಫೋಟೋ ತೆಗೆದ್ರೂ ಒಮ್ಮೊಮ್ಮೆ ಕಾಣಂಗಿಲ್ಲ. ಅದಕ್ಕ ಮನಿಯವರ ಕಣ್ಣು, ಗೆಳತ್ಯಾರ ಕಣ್ಣು ಬೇಕು."

"ನನಗ ಯಾರೂ ಹೇಳಿಲ್ಲ, ಅಕ್ಕೋರೆ."

ಆಗ ಬಾಗಿಲ ಬಳಿ ಕುಳಿತಿದ್ದ ಮಲ್ಲೇಶ್ವರಿ ಎದ್ದು ನಿಂತಳು. ಕೈಯಲ್ಲಿ ಆ ಅಂಗಿ. ಸಭೆಯಲ್ಲಿ ಅವಳ ದನಿ ಅದುವರೆಗೆ ಯಾರೂ ಕೇಳಿರಲಿಲ್ಲ.

"ಖರೇ ಅದ್ರಿ ಸರ್. ನಾ ಹೇಳಿಲ್ಲ. ಯಾಕ ಹೇಳಿಲ್ಲ ಅಂದ್ರ, ಹೇಳಿದ್ರ ಈ ನಂಬರ್ ನನ್ ಕೈಲೇ ಬಿಚ್ಚಬೇಕಾಗಿತ್ತು. ನಂಬರ್ ಉಳಿಸ್ಲಾಕ ಹೋಗಿ ಮೊದಲಿನ ತಂಗಿಗಿ ಕಳಕೊಂಡೆ. ನೀವು ಹೇಳ್ರಿ ಅಂತೀರಿ, ಹೇಳಿದಾಕಿದು ಕಸಗೊಂತೀರಿ. ಹ್ಯಾಂಗ ಹೇಳ್ಬೇಕ್ರಿ? ಇನ್ನ ಯಾರ್ದೂ ನಾ ಬಿಚ್ಚೂದಿಲ್ಲ."

ಅಂಗಿಯನ್ನು ಅವರ ಮುಂದಿಟ್ಟಳು. ಏಕನಾಥ ಸರ್ ಅದನ್ನು ಮುಟ್ಟಲಿಲ್ಲ. ಅಂದರು, "ನಮ್ಮ ಉಸ್ತಾದರು ನಮಗೂ ಹಿಂಗೇ ಕಲಿಸಿದ್ರು. ನನಗೂ ಎರಡು ಸಲ ಬಿದ್ದದ ತಲಿಗಿ. ಒಂದ್ ಕಿವಿ ಇವತ್ತಿಗೂ ಬರೋಬ್ಬರಿ ಕೇಳಂಗಿಲ್ಲ. ನಾನೂ ಯಾರಿಗೂ ಹೇಳಿಲ್ಲ."

ಆಗ ಸಖುಬಾಯಿ ಮೂಗು ಒರೆಸಿಕೊಂಡು ಬಸವೇಶ್ವರಿಯ ತಾಯಿಯ ಕಡೆ ತಿರುಗಿದಳು. "ನಾನೂ ದೃಷ್ಟಿ ಅಂತ ಉಪ್ಪು ಸುಟ್ಕೊಂತ ಕುಂತೆ ತಾಯಿ. ನಿನ್ ಮಗಳಿಗಿ ಕಳಸು. ಆಡ್ಲಿ. ಆದ್ರ ಬಿದ್ರ ಕುಂದ್ರಸ್ರಿ ಸರ್. ಅಷ್ಟೇ ಮಾಡ್ರಿ."

ಆಮೇಲೆ ಕಬಡ್ಡಿ ಸಂಘದ ಗೋಡೆಗೆ ಒಂದು ಗೂಟ ಬಡಿದಿದ್ದಾರೆ. ತಲೆಗೆ ಪೆಟ್ಟು ಬಿದ್ದವಳ ಅಂಗಿ, ನಂಬರಿನ ಸಮೇತ, ಅಲ್ಲಿ ತೂಗುತ್ತದೆ. ಡಾಕ್ಟರ ಚೀಟಿ ಬರುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಸಿದ್ದಿಯ ನಾಲ್ಕನೇ ನಂಬರು ಸಿದ್ದಿಯ ಮನೆಯಲ್ಲೇ ಇದೆ. ಬಸವೇಶ್ವರಿಗೆ ಮಲ್ಲೇಶ್ವರಿ ಹೊಸ ನಂಬರು ಹೊಲಿದುಕೊಟ್ಟಳು.

ದಸರೆಯ ಹಿಂದಿನ ವಾರ ಔರಾದಿನಲ್ಲಿ ಪಂದ್ಯವಿತ್ತು. ಠಾಣಾ ಕುಶನೂರಿನವರ ಎದುರು ಆಟ ಸಮಸಮವಿದ್ದಾಗ ಬಸವೇಶ್ವರಿಯ ತಲೆ ನೆಲಕ್ಕೆ ಬಡಿಯಿತು. ಅವಳು ಕೂಡಲೇ ಎದ್ದು, "ಏನೂ ಆಗಿಲ್ರಿ ಸರ್!" ಎಂದಳು. ಏಕನಾಥ ಸರ್ ತಾವೇ ಕೈಯೆತ್ತಿ ಆಟ ನಿಲ್ಲಿಸಿದರು. ಅವಳನ್ನು ಹೊರಗೆ ಕರೆದು ನೆರಳಲ್ಲಿ ಕೂರಿಸಿ, ಅಲ್ಲಿಂದಲೇ ಆಸ್ಪತ್ರೆಗೆ ತೋರಿಸಲು ಕಳಿಸಿದರು. ಸಂತಪುರ ಎರಡು ಅಂಕಗಳಿಂದ ಸೋತಿತು.

ಸಂಜೆ ಮಲ್ಲೇಶ್ವರಿ ಬಸ್ಸಿಳಿದು ಮನೆಗೆ ಬಂದಾಗ ಸಿದ್ದಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

"ಅಕ್ಕಾ, ಬಸವೇಶ್ವರಿ..." ಎಂದು ಶುರು ಮಾಡಿ, ಮುಂದಿನ ಶಬ್ದ ಸಿಗದೆ ನಿಂತಳು. ಮಲ್ಲೇಶ್ವರಿ ಅವಸರ ಮಾಡಲಿಲ್ಲ. ಸಿದ್ದಿ ಹುಡುಕಿ ಹುಡುಕಿ ತಂದಳು. "ಎದ್ದು ಆಡಿದಳೇನು?"

"ಇಲ್ಲ ಸಿದ್ದಿ," ಎಂದಳು ಮಲ್ಲೇಶ್ವರಿ. "ಕುಂತಳು. ಕುಂದ್ರಿಸಿದ್ರು."

ಸಿದ್ದಿ ತಲೆಯಾಡಿಸಿದಳು. ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಕೊಟ್ಟಳು.

ಇದನ್ನು ಓದುವ, ಕೇಳುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದಾರೆ. ಅವರನ್ನು ಆಡಲು ಬಿಡಿ. ಆದರೆ ತಲೆಗೆ ಪೆಟ್ಟು ಬಿದ್ದರೆ, ರಕ್ತ ಬರಲಿ ಬಿಡಲಿ, ಆವತ್ತು ಆಟ ಮುಗಿಯಿತೆಂದು ತಿಳಿಯಿರಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಡಾಕ್ಟರಿಗೆ ತೋರಿಸಿ. ತಲೆನೋವು, ಮರೆವು, ಬೆಳಕು ತಡೆಯದಿರುವುದು ಇವೆಲ್ಲ ಹೋಗಿ, ಡಾಕ್ಟರು ಹೂಂ ಎನ್ನುವ ತನಕ ಮೈದಾನಕ್ಕೆ ಕಳಿಸಬೇಡಿ. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೆಚ್ಚುತ್ತ ಹೋಗುವ ತಲೆನೋವು, ತೊದಲುವ ಮಾತು, ಕೈಕಾಲು ಸೆಟೆಯುವುದು ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ೧೦೮ಕ್ಕೆ ಫೋನ್ ಮಾಡಿ. ಆಟ ಕಲಿಸುವವರೇ, ನೋವು ಹೇಳಿದವಳ ಜಾಗ ಕಸಿಯಬೇಡಿ. ಕಸಿದರೆ ನಾಳೆ ಯಾರೂ ಹೇಳುವುದಿಲ್ಲ. ಮತ್ತು ನೀವು, ಮೂಲೆಯಲ್ಲಿ ಕುಳಿತು ಎಲ್ಲ ನೋಡುವವರು, ಕಂಡದ್ದನ್ನು ಆವತ್ತೇ ಹೇಳಿ. ದನಿ ನಡುಗಿದರೂ ಹೇಳಿ.

ಬಸವೇಶ್ವರಿ ನಾಲ್ಕು ವಾರದ ಮೇಲೆ ಚೀಟಿ ತಂದಳು. ಅವಳ ಅಂಗಿ ಗೂಟದ ಮೇಲೆ ಹಾಗೇ ಇತ್ತು. ಅಂಗಿ ಕಾಯುತ್ತದೆ. ಅದಕ್ಕೇನೂ ಅವಸರವಿಲ್ಲ.