ತಿಂದ ಮೇಲೆ ಏನಾಯಿತು

ಚಿನಕುರುಳಿಯ ಶಾಲೆಯ ಉಡುಪನ್ನು ಸೊಂಟದಲ್ಲಿ ಬಿಚ್ಚಿ ಹೊಲಿದದ್ದು ಆ ವರ್ಷ ಮೂರನೇ ಸಲ. ಅವಳಪ್ಪ ಬೀದಿಗೆಲ್ಲ ಹೆಸರಾದ ಟೈಲರ್. ಅವನು ಮುಂದಾಲೋಚನೆಯಿಂದ ಒಳಗೆ ಮಡಚಿಟ್ಟಿದ್ದ ಬಟ್ಟೆಯೂ ಮುಗಿದಿತ್ತು. ಹತ್ತು ವರ್ಷದ ಹುಡುಗಿ ಟೇಪು ಕಂಡರೆ ಬಾಗಿಲ ಹಿಂದೆ ಸೇರುತ್ತಿದ್ದಳು, ಶಾಲೆಗೆ ಒಲ್ಲೆನೆಂದು ದಿನಾ ಹಟ. ಅಲ್ಲಿ ಯಾರೋ ಏನೋ ಅಂದಿದ್ದರು. ಏನೆಂದು ಎಷ್ಟು ಕೇಳಿದರೂ ಹೇಳಲೊಲ್ಲಳು. ವಟವಟ ಮಾತಿಗೇ ಆ ಅಡ್ಡಹೆಸರು ಪಡೆದ ಮಗು ಹೀಗೆ ಬಾಯಿ ಹೊಲಿದುಕೊಂಡದ್ದು ಅಪ್ಪನನ್ನು ತೂಕಕ್ಕಿಂತ ಹೆಚ್ಚು ಹೆದರಿಸಿತು.

ಡಾಕ್ಟರಮ್ಮ ಪಥ್ಯದ ಪಟ್ಟಿ ಕೊಡುತ್ತಾರೆ ಅಂದುಕೊಂಡಿದ್ದ. ಅವರು ಕೊಟ್ಟದ್ದು ಬರೆಯುವ ಕೆಲಸ.

“ಏನು ತಿಂದಳು ಅಂತ ಬರೆದ್ರೆ ಸಾಲದು. ತಿನ್ನೋಕೆ ಮುಂಚೆ ಏನಾಯ್ತು, ತಿಂದ ಮೇಲೆ ಏನಾಯ್ತು, ಅದನ್ನೂ ಬರೀರಿ. ಹದಿನೈದು ದಿನ. ಬೈಬೇಡಿ, ತಡೀಬೇಡಿ, ನೋಡಿ ಅಷ್ಟೆ.”

“ಬರೀ ನೋಡಿದ್ರೆ ಏನಾಗುತ್ತೆ ಡಾಕ್ಟ್ರೇ?”

“ಅಳತೆ ತೆಗೀದೆ ಬಟ್ಟೆ ಕತ್ತರಿಸ್ತೀರಾ ನೀವು?”



ಟೈಲರು ಮನೆಗೆ ಬಂದು ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು ಶುರುಮಾಡಿದ. ಅನುಮಾನವೆಲ್ಲ ಅಜ್ಜಿಯ ಬಿಸ್ಕತ್ತಿನ ಡಬ್ಬಿಯ ಮೇಲೆ. ಬೆಳಿಗ್ಗೆ ಎಣಿಸಿದ, ಸಂಜೆ ಎಣಿಸಿದ. ಕಡಿಮೆಯಾದದ್ದು ಒಂದೇ ದಿನ, ಅದೂ ಅವನೇ ತಿಂದದ್ದು. ಹಗಲೆಲ್ಲ ಹುಡುಗಿ ಎಲ್ಲ ಮಕ್ಕಳಂತೆಯೇ ತಿನ್ನುತ್ತಿದ್ದಳು. ಸಂಜೆಯ ಊಟಕ್ಕೆ ಕೂತರೆ ಮಾತ್ರ ಮೂರು ಸಲ, ನಾಲ್ಕು ಸಲ ಬಡಿಸಿಕೊಳ್ಳುತ್ತಿದ್ದಳು. ಅದರಲ್ಲೂ ಒಂದು ವಿಚಿತ್ರ: ಅಂಗಡಿಗೆ ರಜೆಯಿದ್ದ ಎರಡೂ ದಿನ ಒಂದೇ ಸಲಕ್ಕೆ ಕೈ ತೊಳೆದಿದ್ದಳು. ರಜೆಯ ದಿನ ಹಸಿವಿಗೂ ರಜೆಯೇ? ಟೈಲರು ತಲೆ ಕೆರೆದುಕೊಂಡ.

ಆ ಮನೆಗೆ ಅಜ್ಜಿ ಹಾಕಿದ ಕಾನೂನೊಂದಿತ್ತು: ಕೊನೆಯವರ ತಟ್ಟೆ ಖಾಲಿಯಾಗುವ ತನಕ ಯಾರೂ ಏಳಕೂಡದು. ಅಮ್ಮನಿಗೆ ಕಾರ್ಖಾನೆಯಲ್ಲಿ ಸಂಜೆ ಪಾಳಿ, ಹಾಗಾಗಿ ಊಟಕ್ಕೆ ಮೂವರೇ. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಹೊಲಿಯಲು ಒಪ್ಪಿಕೊಂಡ ಬಟ್ಟೆಗಳ ರಾಶಿ ಊಟದ ಮೇಜಿನಿಂದಲೇ ಕಾಣುತ್ತಿತ್ತು. ಊಟಕ್ಕೆ ಕೂತರೂ ಅಪ್ಪನ ಕಾಲು ಮೇಜಿನ ಕೆಳಗೆ ಇಲ್ಲದ ಪೆಡಲು ತುಳಿಯುತ್ತಲೇ ಇರುತ್ತಿತ್ತು.

ಹದಿನಾಲ್ಕನೇ ದಿನ ಪುಸ್ತಕ ತೆರೆದು ಮೇಲಿಂದ ಕೆಳಕ್ಕೆ ಓದಿದ. ‘ತಿಂದ ಮೇಲೆ’ ಎಂಬ ಕಡೆ ಅವನದೇ ಅಕ್ಷರ ಒಂದೇ ಮಾತು ಹೇಳುತ್ತಿತ್ತು: ನಾನು ಎದ್ದೆ, ಮಿಷನ್ನಿಗೆ ಹೋದೆ. ನಾನು ಎದ್ದೆ, ಮಿಷನ್ನಿಗೆ ಹೋದೆ. ರಜೆಯ ಎರಡು ದಿನ ಮಾತ್ರ: ಕೂತು ಮಾತಾಡಿದೆವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ಅವನ ಕಥೆ. ನಾಚಿಕೆಯಾಯಿತು. ಆದರೂ ಖಾತ್ರಿಯಾಗಬೇಕಲ್ಲ.

ಆ ಸಂಜೆ ಊಟಕ್ಕೆ ಮೊದಲೇ ಮಿಷನ್ನಿಗೆ ಮುಸುಕು ಹೊದಿಸಿ, ಅಂಗಡಿಯ ದೀಪ ಆರಿಸಿ ಬಂದು ಕೂತ.

“ಇವತ್ತು ಕೆಲಸ ಇಲ್ಲ. ಊಟ ಆದ್ಮೇಲೂ ಇಲ್ಲೇ ಇರ್ತೀನಿ.”

ಅಜ್ಜಿ ಮಗನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಮೊದಲ ತಟ್ಟೆ ಮುಗಿಯಿತು. ಅಜ್ಜಿ ಅಭ್ಯಾಸದಂತೆ ಸೌಟು ಎತ್ತಿದಳು. ಚಿನಕುರುಳಿ ಕತ್ತಲ ಅಂಗಡಿಯ ಕಡೆ ನೋಡಿದಳು, ಅಪ್ಪನ ಮುಖ ನೋಡಿದಳು, ಸಾಲದೆಂದು ಬಗ್ಗಿ ಮೇಜಿನ ಕೆಳಗೆ ಅವನ ಕಾಲನ್ನೂ ನೋಡಿದಳು. ಕಾಲು ಸುಮ್ಮನಿತ್ತು.

“ಸಾಕು ಅಜ್ಜಿ.”

ಅಪ್ಪ ಮೆಲ್ಲಗೆ ಕೇಳಿದ, “ನಿನ್ನೆ ಮೂರು ಸಲ ಹಾಕಿಸ್ಕೊಂಡ್ಯಲ್ಲ, ಅಷ್ಟು ಹಸಿವಿತ್ತಾ ಪುಟ್ಟಿ?”

“ಇಲ್ಲ. ಹೊಟ್ಟೆ ನೋಯ್ತಿತ್ತು.”

“ಮತ್ಯಾಕೆ ತಿಂದೆ?”

“ತಟ್ಟೆ ಖಾಲಿ ಆದ್ರೆ ನೀನು ಎದ್ದು ಹೋಗ್ತಿದ್ದೆ.”

ಪುಸ್ತಕ ಪಕ್ಕದಲ್ಲೇ ಇತ್ತು, ಪೆನ್ಸಿಲು ಕಿವಿಯ ಮೇಲಿತ್ತು; ಅಪ್ಪ ಎರಡನ್ನೂ ಮುಟ್ಟಲಿಲ್ಲ. ಯಾರೂ ಕೇಳದೆಯೇ ಹುಡುಗಿ ಶಾಲೆಯಲ್ಲಿ ಏನಂದರು, ಯಾರಂದರು, ಆಗ ತಾನು ಎಲ್ಲಿ ಹೋಗಿ ಅತ್ತದ್ದು, ಎಲ್ಲವನ್ನೂ ಹೇಳತೊಡಗಿದಳು.

ಮೂರು ತಟ್ಟೆಗಳೂ ಒಣಗಿದವು. ಕಾನೂನಿನ ಪ್ರಕಾರ ಇನ್ನು ಯಾರು ಬೇಕಾದರೂ ಏಳಬಹುದಿತ್ತು. ಯಾರೂ ಏಳಲಿಲ್ಲ.