ನನ್ನ ಕಾಲಿಗೆ ಕಟ್ಟಿದ ಐತಪ್ಪನ ಪಣ

ನಾನು ಒಂದು ಹುಂಜ. ಮಂಗಳೂರಿನಿಂದ ಒಳನಾಡಿನ ಕಡೆಗೆ, ಕೆಂಪುಕಲ್ಲಿನ ಕೋರೆಯ ಪಕ್ಕದ ಒಂದು ಮನೆಯಲ್ಲಿ ಹುಟ್ಟಿದೆ. ಒಲೆಯ ಹಿಂದೆ ಇಟ್ಟಿದ್ದ ಹರಿದ ಬುಟ್ಟಿ ನನ್ನ ಮೊದಲ ಮನೆ. ಅಲ್ಲಿ ಬೆಚ್ಚಗಿತ್ತು. ಅಮ್ಮ ನಮ್ಮನ್ನು ಅಂಗಳಕ್ಕೆ ಇಳಿಸಿದ ದಿನವೇ ಗಿಡುಗ ಎರಗಿ ನನ್ನ ಪಕ್ಕದಲ್ಲಿದ್ದ ತಂಗಿಯನ್ನು ಎತ್ತಿಕೊಂಡು ಹೋಯಿತು. ಅವಳ ರಕ್ತದ ಒಂದು ಹನಿ ನನ್ನ ಕೊಕ್ಕಿನ ಮೇಲೆ ಬಿತ್ತು. ಉಳಿದವರಲ್ಲಿ ಹೆಚ್ಚಿನವರ ಕತ್ತನ್ನು ಮುಂಗುಸಿ ಕಚ್ಚಿ ಮುರಿಯಿತು. ಕೊನೆಗೆ ಉಳಿದದ್ದು ನಾನು ಮತ್ತು ಒಬ್ಬ ಅಣ್ಣ. ಕಾಳಿನ ಜಗಳದಲ್ಲಿ ನಾನು ಅವನ ಕಣ್ಣು ಕುಕ್ಕಿದೆ.

ನನಗೆ ಮನುಷ್ಯರ ಗುರುತು ಹತ್ತುವುದು ಕಾಲಿನಿಂದ. ಮನೆಯೊಡತಿ ವಾರಿಜಳ ಹಿಮ್ಮಡಿ ಒಡೆದಿರುತ್ತಿತ್ತು, ಬೆರಳುಗಳ ಸಂದಿಯಲ್ಲಿ ಬೂದಿ. ಅವಳ ಗಂಡ ಐತಪ್ಪ ಕಲ್ಲು ಕಟ್ಟುವ ಮೇಸ್ತ್ರಿ. ಎಷ್ಟು ತೊಳೆದರೂ ಅವನ ಕಾಲಿನ ಕೆಂಪು ಹೋಗುತ್ತಿರಲಿಲ್ಲ. ಆ ಕೆಂಪು ಕಾಲುಗಳು ಒಂದು ದಿನ ನನ್ನ ಮುಂದೆ ಬಂದು ನಿಂತವು.

"ವಾರಿಜ, ಇವನನ್ನು ನೋಡು. ಇವ ಸಾರಿಗೆ ಅಲ್ಲ, ಅಂಕಕ್ಕೆ."

"ಸಾರಿಗಾದ್ರೆ ಮನೆಯವರ ಹೊಟ್ಟೆಯಾದ್ರೂ ತುಂಬ್ತದೆ" ಎಂದಳು ವಾರಿಜ, ಪಾತ್ರೆ ಉಜ್ಜುತ್ತಲೇ.

ಅಂಕವೆಂದರೆ ಗದ್ದೆಯಲ್ಲಿ ನಡೆಯುವ ಹುಂಜಗಳ ಕಾಳಗ. ನಮ್ಮ ಕಾಲಿಗೆ ಬೆರಳುದ್ದದ ಕತ್ತಿ ಕಟ್ಟುತ್ತಾರೆ. ಅದಕ್ಕೆ ಬಾಳು ಎಂದು ಹೆಸರು. ಕಟ್ಟುವವನು ವಾರಿಜಳ ತಮ್ಮ ಲೋಕಯ್ಯ. ನೂಲು ಸುತ್ತುವಾಗ ಅವನು ನನ್ನ ಕಿವಿಯ ಹತ್ತಿರ ಏನಾದರೂ ತಮಾಷೆ ಮಾತಾಡುತ್ತಿದ್ದ. ಮೊದಲ ಅಂಕದಲ್ಲಿ ನಾನು ಒಂದೇ ನೆಗೆತಕ್ಕೆ ಎದುರಿನವನ ಹೊಟ್ಟೆ ಸೀಳಿದೆ. ಅವನು ತನ್ನದೇ ಕರುಳಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ. ಸುತ್ತ ನಿಂತವರು ಕೂಗಿದರು. ಸೋತ ಹುಂಜ ಗೆದ್ದವನ ಪಾಲು, ಸತ್ತದ್ದಾದರೂ ಸರಿ, ಬದುಕಿದ್ದಾದರೂ ಸರಿ. ಆ ಸಂಜೆ ನಮ್ಮ ಮನೆಯ ಒಲೆಯ ಮೇಲೆ ಅವನು ಕುದಿಯುತ್ತಿದ್ದ. ನಾನು ಬುಟ್ಟಿಯ ಕೆಳಗಿನಿಂದ ವಾಸನೆ ನೋಡಿದೆ.

ಅಂಕದ ಗದ್ದೆಯ ಬದಿಯಲ್ಲಿ, ಹಲಸಿನ ಮರದ ಕೆಳಗೆ ವಯಸ್ಸಾದ ಬಾಬಣ್ಣ ಕೂರುತ್ತಿದ್ದರು. ನೂಲು ಪೋಣಿಸಿದ ಸೂಜಿಯನ್ನು ಅವರು ತಮ್ಮ ತಲೆಯ ಅಡಿಕೆಹಾಳೆಯ ಮುಟ್ಟಾಳೆಗೆ ಚುಚ್ಚಿಟ್ಟುಕೊಂಡಿರುತ್ತಿದ್ದರು. ಸೀಳಿದ ಹುಂಜವನ್ನು ಮಡಿಲಲ್ಲಿ ಮಲಗಿಸಿ ಹೊಲಿಯುವುದು ಅವರ ಕೆಲಸ. ಕತ್ತಿ ಕಟ್ಟುವವರ, ಹುಂಜ ಬಿಡುವವರ ಕೈಯೂ ಆಗಾಗ ಸೀಳುತ್ತಿತ್ತು. ಆಸ್ಪತ್ರೆಗೆ ಹೋದರೆ ಗಾಯ ಎಲ್ಲಿ ಆಯಿತೆಂದು ಕೇಳುತ್ತಾರೆ, ಪೊಲೀಸರ ಕಿವಿಗೆ ಬೀಳುತ್ತದೆ. ಹಾಗಾಗಿ ಮನುಷ್ಯರೂ ಬಾಬಣ್ಣನ ಮುಂದೆಯೇ ಕೈ ಚಾಚುತ್ತಿದ್ದರು. ಅವರು ಸೂಜಿಯನ್ನು ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಒರೆಸಿ, ಮೇಲೊಂದಿಷ್ಟು ಕಳ್ಳು ಸುರಿದು, ಮುಂದಿನವನನ್ನು ಹೊಲಿಯುತ್ತಿದ್ದರು. ಊರಿನ ಗಂಡಸರಲ್ಲಿ ಆ ಸೂಜಿ ಹೊಕ್ಕಿರದ ಕೈ ಕಡಿಮೆ. ಅದೊಂದು ಹೆಮ್ಮೆಯೂ ಆಗಿತ್ತು.

ಐತಪ್ಪನ ಕಾಯಿಲೆ ಗೊತ್ತಾದದ್ದು ಅವನು ರಕ್ತ ಕೊಡಲು ಹೋದಾಗ. ಲೋಕಯ್ಯನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಬೇಕಾಗಿತ್ತು. ಐತಪ್ಪನ ರಕ್ತ ಬೇಡವೆಂದರು. ಲಿವರನ್ನು ಒಳಗೊಳಗೇ ತಿನ್ನುವ ಹೆಪಟೈಟಿಸ್ ಸಿ ಅದರಲ್ಲಿತ್ತು. ಅವನು ಮನೆಯಲ್ಲಿ ವಾರಿಜಳಿಗೊಬ್ಬಳಿಗೇ ಹೇಳಿದ. ಊರಿಗೆ ಕಾಮಾಲೆ ಎಂದ. ಕಳ್ಳು ಬಿಟ್ಟ, ಡಾಕ್ಟರಮ್ಮ ಕೊಟ್ಟ ಮಾತ್ರೆಗಳನ್ನು ತಪ್ಪದೆ ನುಂಗಿದ. ತಲೆಸಿಡಿತಕ್ಕೆ ಹಣೆಗೆ ಬಟ್ಟೆ ಬಿಗಿದು ಕಲ್ಲು ಕಟ್ಟಿದ. ಮಾತ್ರೆ ಮುಗಿದಾಗ ರಕ್ತ ಚೊಕ್ಕವಾಗಿತ್ತು. ವಾರಿಜ ಅಂದು ಪಾಯಸ ಮಾಡಿದಳು, ನನಗೂ ಎರಡು ಗೋಡಂಬಿ ಎಸೆದಳು.

ಕೆಲವು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು. ಅದು ಮರಳಿ ಬಂದಿತ್ತು.

ಆ ಮಧ್ಯಾಹ್ನ ಕೆಂಪು ಕಾಲುಗಳು ಅಂಗಳಕ್ಕೆ ನುಗ್ಗಿ ಬಂದವು. ಮೊದಲ ಒದೆತ ನನ್ನ ಬುಟ್ಟಿಗೆ. ನಾನು ಗೋಡೆಗೆ ಹೋಗಿ ಬಿದ್ದೆ. ಆಮೇಲೆ ನೀರಿನ ಕೊಡ, ಬೆಂಚು, ತುಳಸಿಯ ಪಕ್ಕದ ಹೂವಿನ ಕುಂಡ. ಕೊನೆಗೆ ಕಲ್ಲು ಕೆತ್ತುವ ಮಚ್ಚು ತೆಗೆದುಕೊಂಡು ತಾನೇ ಕಟ್ಟಿದ ಅಂಗಳದ ಗೋಡೆಯನ್ನು ಕಡಿದ. ಕಿಡಿ ಹಾರಿತು. ವಾರಿಜ ಬಾಗಿಲಲ್ಲಿ ನಿಂತಿದ್ದಳು. ಅವನ ಕೈ ಸೋತ ಮೇಲೆ ಬಂದು ಮಚ್ಚು ತೆಗೆದು ಒಳಗಿಟ್ಟಳು.

"ಡಾಕ್ಟರಮ್ಮ ಎಂತ ಹೇಳಿದ್ರು?"

"ಬೇರೆ ಮಾತ್ರೆ ಉಂಟಂತೆ. ಇನ್ನೂ ಹೆಚ್ಚು ದಿನ ತಗೊಳ್ಬೇಕಂತೆ. ಹೋಗುವ ಸಾಧ್ಯತೆ ಜಾಸ್ತಿಯಂತೆ. ಅಂತೆ, ಅಂತೆ."

"ತಗೊಳ್ಳುವ."

"ಒಮ್ಮೆ ಎದೆ ಸೀಳಿದ ಕೋಳಿಯನ್ನು ಯಾರಾದ್ರೂ ಮತ್ತೆ ಕಟ್ತಾರಾ ಮಾರಾಯ್ತಿ?"

"ನೀವು ಎಂತ, ಕೋಳಿಯಾ?"

ಅವನು ನನ್ನತ್ತ ತಿರುಗಿದ. ಗೋಡೆಯ ಬುಡದಲ್ಲಿ ನಾನು ಏಳಲು ಒದ್ದಾಡುತ್ತಿದ್ದೆ. ಅದಕ್ಕೂ ಮೊದಲಿನ ಅಂಕದಲ್ಲಿ ಗೆದ್ದರೂ ನನ್ನ ಎದೆ ಸೀಳಿತ್ತು. ಬಾಬಣ್ಣ ಹೊಲಿದಿದ್ದರು. ಅಂಥ ಹುಂಜವನ್ನು ಯಾರೂ ಮತ್ತೆ ಗದ್ದೆಗೆ ಇಳಿಸುವುದಿಲ್ಲ. ಐತಪ್ಪ ನನ್ನನ್ನು ಎತ್ತಿ ಎದೆಯ ಗಾಯದ ಮೇಲೆ ಹೆಬ್ಬೆರಳು ಒತ್ತಿದ. ನನಗೆ ಉಸಿರು ಸಿಕ್ಕಿಕೊಂಡಿತು.

"ಇವನನ್ನು ಮತ್ತೆ ಕಟ್ತೇನೆ. ಇವ ಗೆದ್ರೆ ನಾನೂ ಮಾತ್ರೆ ತಗೊಳ್ತೇನೆ. ಸತ್ರೆ ಮತ್ತೆ ಆ ಮಾತು ಎತ್ತಬಾರ್ದು."

"ನಿಮ್ಮ ಜೀವವನ್ನು ಕೋಳಿಕಾಲಿಗೆ ಕಟ್ಟುದಾ?"

"ಆಸ್ಪತ್ರೆಯ ಮಾತಿಗಿಂತ ಇದರ ಕಾಲು ನಂಬಬಹುದು."

ವಾರಿಜ ಅಳಲಿಲ್ಲ. ಬಟ್ಟೆ ಒಗೆಯಲು ಹೋದಳು. ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಆ ದಿನ ಬಹಳ ಹೊತ್ತು ಕೇಳಿಸಿತು.

ಮರುದಿನದಿಂದ ಅವಳು ನನ್ನನ್ನು ಸಾಕಿದಳು. ಮಕ್ಕಳನ್ನು ಶಾಲೆಗೆ ಕಳಿಸಿ, ಗಂಜಿ ಬಸಿದು, ಬೀಡಿ ಕಟ್ಟುವ ಮೊರವನ್ನು ಪಕ್ಕಕ್ಕಿಟ್ಟು, ನನ್ನನ್ನು ಮಡಿಲಿಗೆ ಎತ್ತಿಕೊಳ್ಳುತ್ತಿದ್ದಳು. ಗಾಯಕ್ಕೆ ಅರಶಿನದೆಣ್ಣೆ ಹಚ್ಚುತ್ತಿದ್ದಳು. ಮೊಟ್ಟೆಯ ಹಳದಿಯನ್ನು ರಾಗಿಯಲ್ಲಿ ಕಲಸಿ ಕೊಕ್ಕಿಗೆ ತುರುಕುತ್ತಿದ್ದಳು. "ನಿನಗೆ ಹೊಡೆದಾಟ ಬೇಡ ಅಂತ ನನಗೆ ಗೊತ್ತುಂಟು" ಎನ್ನುತ್ತಿದ್ದಳು. "ಆದ್ರೂ ಸಾಯಬೇಡ, ಆಯ್ತಾ?" ನನಗೆ ಹೊಡೆದಾಟ ಬೇಕಿತ್ತೋ ಬೇಡವಾಗಿತ್ತೋ ಯಾರೂ ಅದುವರೆಗೆ ಕೇಳಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಅಂಕದ ದಿನ ನನ್ನೆದುರು ಬಿಟ್ಟದ್ದು ಸೇಸಪ್ಪ ಎಂಬವನ ಬಿಳಿ ಹುಂಜ. ಮೊದಲ ನೆಗೆತಕ್ಕೇ ಅದು ನನ್ನ ಎಡಗಣ್ಣು ತೆಗೆಯಿತು. ನಾನು ಅದರ ತೊಡೆ ಸೀಳಿದೆ. ಇಬ್ಬರೂ ಕುತ್ತಿಗೆ ಕಚ್ಚಿಕೊಂಡು ಉರುಳಿದೆವು. ನನ್ನ ಎದೆಯ ಹಳೆಯ ಹೊಲಿಗೆ ಬಿಚ್ಚಿಕೊಂಡಿತು. ಪುಕ್ಕ, ಕೆಸರು, ರಕ್ತ ಎಲ್ಲ ಒಂದಾಯಿತು. ಬಿಡಿಸಲೆಂದು ಐತಪ್ಪ ಬಗ್ಗಿ ನನ್ನನ್ನು ಹಿಡಿದ. ಕುರುಡಾದ ಕಡೆಯಿಂದ ಬಂದ ಕೈ ಯಾರದೆಂದು ನನಗೆ ತಿಳಿಯಲಿಲ್ಲ. ಕಾಲು ಬೀಸಿದೆ. ಅವನ ಅಂಗೈ ಮೂಳೆಯವರೆಗೆ ತೆರೆದುಕೊಂಡಿತು. ಲೋಕಯ್ಯ ನನ್ನ ಕಾಲು ಹಿಡಿಯಲು ಬಂದ. ಅವನ ಮೊಣಕೈಯ ಕೆಳಗೂ ಕತ್ತಿ ಇಳಿಯಿತು.

ಸೇಸಪ್ಪನೂ ತನ್ನ ಹುಂಜವನ್ನು ಎತ್ತಿಕೊಂಡ. ಬಾಬಣ್ಣ ಓಡಿ ಬಂದರು. ಮೊದಲು ಐತಪ್ಪನ ಅಂಗೈ ಹೊಲಿದರು. ಅವನು ಹಲ್ಲು ಕಚ್ಚಿ, ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ. ಅವನ ರಕ್ತ ನನ್ನ ಪುಕ್ಕದೊಳಗೆ ಬೆಚ್ಚಗೆ ಇಳಿಯುತ್ತಿತ್ತು.

"ಬೇಗ ಬೇಗ, ಬಾಬಣ್ಣ" ಎಂದ ಲೋಕಯ್ಯ, ನೆತ್ತರು ಸುರಿಯುವ ಕೈ ಚಾಚಿ. "ಭಾವನಿಗೆ ಕಸೂತಿ ಹಾಕಿದ್ದು ಸಾಕು."

"ಹುಂಜ ಬಿಡೋ, ಬಿಡೋ" ಎಂದು ಜನ ಕೂಗುತ್ತಿದ್ದರು. ಬಿಳಿ ಹುಂಜ ಸೇಸಪ್ಪನ ಕೈಯಲ್ಲೇ ತಲೆ ಜೋಲಿಸಿತ್ತು. ಇನ್ನೊಂದು ಸಲ ಹಾರಿದ್ದರೆ ನಾನು ಗೆಲ್ಲುತ್ತಿದ್ದೆ. ಅದು ಐತಪ್ಪನಿಗೂ ಗೊತ್ತಿತ್ತು. ಬಾಬಣ್ಣ ಸೂಜಿಯನ್ನು ಬೈರಾಸಿನಲ್ಲಿ ಒರೆಸಿ, ಕಳ್ಳು ಸುರಿದು, ಲೋಕಯ್ಯನ ಕೈಯತ್ತ ಬಾಗಿದರು.

ಐತಪ್ಪ ನನ್ನನ್ನು ನೆಲಕ್ಕೆ ಹಾಕಿ ಬಾಬಣ್ಣನ ಮಣಿಕಟ್ಟು ಹಿಡಿದ. ಎಷ್ಟು ಬಲವಾಗಿ ಎಂದರೆ ಮುದುಕರ ಬಾಯಿಂದ ನೋವಿನ ಸದ್ದು ಹೊರಟಿತು.

"ಆ ಸೂಜಿ ಅವನಿಗೆ ಬೇಡ."

"ಎಂತ ಭಾವ, ಸೂಜಿಗೂ ಹೊಟ್ಟೆಕಿಚ್ಚಾ?"

"ನನ್ನ ರಕ್ತದಲ್ಲಿ ಕಾಯಿಲೆ ಉಂಟು. ಕಾಮಾಲೆ ಅಂದದ್ದು ಸುಳ್ಳು. ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು. ನನಗೂ ಇಲ್ಲಿಂದಲೇ ಬಂದಿರಬಹುದು."

ಹತ್ತಿರವಿದ್ದ ಕಾಲುಗಳು ಹಿಂದೆ ಸರಿಯುವುದನ್ನು ನಾನು ಉಳಿದ ಒಂದು ಕಣ್ಣಿನಿಂದ ನೋಡಿದೆ. ಬಾಬಣ್ಣ ಸೂಜಿಯನ್ನು ನೋಡಿದರು. ಆಮೇಲೆ ಸುತ್ತ ನಿಂತವರ ಕೈಗಳನ್ನು, ಒಂದೊಂದಾಗಿ. "ದೇವರೇ, ಇದನ್ನು ನಾನು ಯಾರಿಗೆಲ್ಲ ಹಾಕಿದ್ದೇನೆ" ಎಂದರು. ಸೂಜಿ ಅವರ ಬೆರಳಿನಿಂದ ಜಾರಿ ಕೆಸರಿಗೆ ಬಿತ್ತು.

ಐತಪ್ಪ ತನ್ನ ಮುಂಡಾಸು ಬಿಚ್ಚಿ ಲೋಕಯ್ಯನತ್ತ ಎಸೆದ. "ನನ್ನ ಕೈ ತಾಗಬಾರ್ದು, ನೀನೇ ಬಿಗಿ. ನನ್ನನ್ನು ಸೀಳಿದ ಬಾಳೇ ನಿನಗೂ ತಾಗಿದೆ, ಆಸ್ಪತ್ರೆಗೆ ನಡಿ. ಕೇಳಿದ್ರೆ ಅಂಕ ಅಂತಲೇ ಹೇಳುವ."

"ಹುಂಜವನ್ನು ಮತ್ತೆ ಬಿಡದೆ ಹೋದ್ರೆ ಸೋಲು" ಎಂದು ಯಾರೋ ಹೇಳಿದರು. "ಅದು ಸೇಸಪ್ಪನಿಗೆ ಹೋಗ್ಬೇಕು."

"ಅವನ ನೆತ್ತರು ಹತ್ತಿದ ಕೋಳಿ ನನಗೆ ಯಾಕೆ?" ಎಂದ ಸೇಸಪ್ಪ, ಉಗುಳಿ. "ಅವನೇ ಕೊಂಡುಹೋಗಲಿ."

ಹಾಗೆ ನಾನು ಸಾರಿನ ಪಾತ್ರೆ ತಪ್ಪಿಸಿಕೊಂಡೆ. ಅಸಹ್ಯವೊಂದು ನನ್ನನ್ನು ಉಳಿಸಿತು.

ವಾರಿಜ ಅಂಗಳದಲ್ಲೇ ಕಾಯುತ್ತಿದ್ದಳು. ಐತಪ್ಪ ಆಸ್ಪತ್ರೆಯ ಪಟ್ಟಿ ಸುತ್ತಿದ ಕೈಯಿಂದ ನನ್ನನ್ನು ಅವಳ ಮುಂದೆ ಇಳಿಸಿದ. ನಾನು ಪಕ್ಕಕ್ಕೆ ವಾಲಿದೆ.

"ಗೆದ್ದಿತಾ?"

"ಇಲ್ಲ."

ಅವಳು ಬಗ್ಗಿ ನನ್ನ ಎದೆ ಮುಟ್ಟಿ ನೋಡಿದಳು. "ಸಾಯಲೂ ಇಲ್ಲ. ಹಾಗಾದ್ರೆ ಪಣ?"

"ಪಣ ಬಿಡು. ನಾಳೆ ಡಾಕ್ಟರಮ್ಮನ ಹತ್ರ ಹೋಗುವ. ಲೋಕಯ್ಯನನ್ನೂ ಬಾಬಣ್ಣನನ್ನೂ ಕರ್ಕೊಂಡು. ಎಲ್ಲರ ರಕ್ತ ನೋಡ್ಬೇಕು." ಅವನು ಜಗಲಿಯಲ್ಲಿ ಕುಸಿದು ಕೂತ. "ನಾನು ಇದನ್ನು ಒಳಗೆ ಇಟ್ಕೊಂಡು ತಿರುಗಿದ್ರೆ ಇನ್ನೊಬ್ಬರಿಗೆ ಹಂಚ್ತಾ ಹೋಗ್ತೇನೆ ವಾರಿಜ. ಮಾತ್ರೆ ತಗೊಳ್ತೇನೆ."

ಅವಳು ಮನೆಯ ಸೂಜಿಯೊಂದನ್ನು ನೀರಿನಲ್ಲಿ ಕುದಿಯಲು ಇಟ್ಟಳು. ನನ್ನನ್ನು ಹೊಲಿಯುವುದಕ್ಕೆ.

ಈ ಕೆಲವೇ ತಿಂಗಳಲ್ಲಿ ನನಗೆ ವಯಸ್ಸಾಗಿದೆ. ಒಂದು ಕಣ್ಣಿಲ್ಲ, ಒಂದು ರೆಕ್ಕೆ ನೆಲಕ್ಕೆ ಎಳೆಯುತ್ತದೆ. ಒಲೆಯ ಹಿಂದಿನ ಮೂಲೆ ಮತ್ತೆ ನನ್ನದಾಗಿದೆ. ನನ್ನ ಕಾಲಿನಲ್ಲಿ ಕತ್ತಿ ಕಟ್ಟಿದ ಜಾಗ ಗಂಟುಗಟ್ಟಿದೆ. ಊರಿನಲ್ಲಿ ಕೆಲವರು ಐತಪ್ಪನಿಗೆ ಕಟ್ಟಡದ ಕೆಲಸ ಕೊಡುವುದನ್ನು ಬಿಟ್ಟರು. ಕೆಲವರು ಮರೆಯಲ್ಲಿ ಬಂದು ಆಸ್ಪತ್ರೆಯ ದಾರಿ ಕೇಳಿಕೊಂಡು ಹೋದರು. ಬಾಬಣ್ಣನಿಗೂ ಮಾತ್ರೆ ಶುರುವಾಗಿದೆ.

ಈ ಸಲ ಐತಪ್ಪನ ಕಾಯಿಲೆ ಹೋಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಮೊದಲೆಲ್ಲ ಐತಪ್ಪ ನಾನು ಕೂಗಿದ ಮೇಲೆ ಎದ್ದು ಮಾತ್ರೆ ನುಂಗುತ್ತಿದ್ದ. ಈಗ ನನ್ನ ಗಂಟಲು ಒಡೆದಿದೆ, ಕೂಗು ತಡವಾಗುತ್ತದೆ. ಕೆಲವು ದಿನ ಕೂಗುವುದೇ ಇಲ್ಲ. ಆದರೂ ಕತ್ತಲಲ್ಲಿ ಕೆಂಪು ಕಾಲುಗಳು ಒಲೆಯ ಹತ್ತಿರ ಬರುತ್ತವೆ, ಪಕ್ಕದಲ್ಲಿ ಬೂದಿ ಮೆತ್ತಿದ ಕಾಲುಗಳು. ಲೋಟಕ್ಕೆ ನೀರು ಬೀಳುವ ಸದ್ದು ಕೇಳುತ್ತದೆ. ಅವರು ನನಗಾಗಿ ಕಾಯುವುದಿಲ್ಲ.